ಮತ್ತೆ ದೀಕ್ಷಾಸ್ನಾನ ಬೇಡ, ಪತ್ರ ಸಾಕು

ಕ್ಯಾಥೊಲಿಕ್ ಹುಡುಗಿಯನ್ನು ಮದುವೆಯಾಗಲು ಮತ್ತೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಮಾಡಿಸಿಕೊಳ್ಳಬೇಕಾ ಎಂದು ಕೇಳಿದ್ದೀರಿ. ಹುಡುಗಿಯ ಚರ್ಚಿನ ಫಾದರ್ ಕೇಳಿರುವುದು ದೀಕ್ಷಾಸ್ನಾನದ ಪತ್ರ ಇರಬೇಕು, ಮನೆಯವರು ಅದನ್ನೇ ಮತ್ತೆ ದೀಕ್ಷಾಸ್ನಾನ ಅಂದುಕೊಂಡಿದ್ದಾರೆ. ನಿಮಗೆ ಹಾಸನದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್ ಸಭೆ) ಚರ್ಚಿನಲ್ಲಿ ಚಿಕ್ಕಂದಿನಲ್ಲೇ ಆಗಿದೆ ಎಂದಿದ್ದೀರಿ. ನೀರು ಹಾಕಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಕೊಟ್ಟಿದ್ದರೆ ಕ್ಯಾಥೊಲಿಕರೂ ಅದನ್ನು ಒಪ್ಪುತ್ತಾರೆ. ಇದು ಹಳೆಯ ನಿಲುವು. ಸುಮಾರು 1600 ವರ್ಷಗಳ ಹಿಂದೆ ಬಿಷಪ್ ಅಗಸ್ಟೀನ್, ತಮ್ಮ ಪಂಗಡದ ಹೊರಗೆ ಕೊಟ್ಟ ದೀಕ್ಷಾಸ್ನಾನ ಸಲ್ಲದು ಎನ್ನುತ್ತಿದ್ದ ಡೊನಾಟಿಸ್ಟರ ಜೊತೆ ವಾದ ಮಾಡಿದ್ದು ಇದಕ್ಕೇ: ಕೊಡುವವರು ಯಾರೇ ಆಗಲಿ, ದೀಕ್ಷಾಸ್ನಾನ ಕ್ರಿಸ್ತನದು. ಹಾಗಾಗಿ ಒಂದೇ ಸಲ.

ಮೊದಲು ನಿಮ್ಮ ಪಾಸ್ಟರ್ ಹತ್ತಿರ ಪತ್ರ ಬರೆಸಿಕೊಳ್ಳಿ. ರಿಜಿಸ್ಟರಿನಲ್ಲಿ ಸಿಗದಿದ್ದರೆ ಕಣ್ಣಾರೆ ಕಂಡವರ ಸಾಕ್ಷಿಯೂ ನಡೆಯುತ್ತದೆ. ನನ್ನ ತಮ್ಮನಿಗೆ ನಮ್ಮ ದೊಡ್ಡಮ್ಮನ ಮಾತೇ ಸಾಕಾಯಿತು. ಆಮೇಲೆ ಹುಡುಗಿಯ ಚರ್ಚಿನ ಫಾದರ್ ಮೂಲಕ ಚಿಕ್ಕಮಗಳೂರು ಬಿಷಪರ ಬಳಿ ಈ ಮದುವೆಗೆ ಅನುಮತಿ ಕೇಳಿ. ಇದಕ್ಕೆ ಹಿಡಿಯುವ ಸಮಯ ಎಲ್ಲರಿಗೂ ಒಂದೇ ಅಲ್ಲ, ಸುಮ್ನೆ ತಡಮಾಡಬೇಡಿ.

ಇಷ್ಟೆಲ್ಲ ಯಾಕೆ ಅಂದರೆ, ಕ್ಯಾಥೊಲಿಕರಿಗೆ ಮದುವೆಯೂ ಏಳು ಸಂಸ್ಕಾರಗಳಲ್ಲಿ (ದೇವರ ಕೃಪೆ ತರುವ ಪವಿತ್ರ ವಿಧಿಗಳಲ್ಲಿ) ಒಂದು. ನಮ್ಮ ಸಿಎಸ್‌ಐನಲ್ಲಿ ದೀಕ್ಷಾಸ್ನಾನ, ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ಎರಡೇ ಅಲ್ವಾ? 12ನೇ ಶತಮಾನದಲ್ಲಿ ಗಟ್ಟಿಯಾದ ಆ ಏಳರ ಲೆಕ್ಕವನ್ನು 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕರು ಒಪ್ಪಲಿಲ್ಲ.

ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆ ಎಂದು ಹುಡುಗಿ ಮಾತು ಕೊಡಬೇಕಾಗುತ್ತದೆ. ದಿನ ಗೊತ್ತು ಮಾಡುವ ಮೊದಲೇ ಇಬ್ಬರೂ ಕೂತು ಇದನ್ನು ಮಾತಾಡಿಕೊಳ್ಳಿ.