ಆ ಹೆಸರು ರಾತ್ರಿಯದು

ಓದುಗರ ಪತ್ರ: ಮದುವೆಯಾಗಿ ಆರು ವರ್ಷ. ನಾನು ಮೈಸೂರು ಕಡೆಯವಳು, ಅವರು ಧಾರವಾಡದವರು. ನಾವಿಬ್ಬರೇ ಇದ್ದಾಗ ಅವರು ನನ್ನನ್ನು ಕರೆಯುವ ಒಂದು ಪೋಲಿ ಹೆಸರಿದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹೋದ ತಿಂಗಳು ಸ್ನೇಹಿತರು ಊಟಕ್ಕೆ ಬಂದಿದ್ದರು. ನಾನು ಬಡಿಸುತ್ತಿದ್ದಾಗ ಅವರು ಅದೇ ಹೆಸರಿನಿಂದ ಕರೆದರು. ಎಲ್ಲರೂ ನಕ್ಕರು. ನನಗೆ ಅಳು ಬಂತು. ‘ರಾತ್ರಿ ಇಷ್ಟ, ಹಗಲು ಅವಮಾನ, ಇದೆಂಥ ನಾಟಕ?’ ಎನ್ನುತ್ತಾರೆ. ಇನ್ನೊಂದು ವಿಷಯ. ಒಮ್ಮೆ ನಾನೇ ಅಂಥದೊಂದು ಮಾತನ್ನು ಅವರ ಕಿವಿಯಲ್ಲಿ ಹೇಳಿದೆ. ‘ಇದೆಲ್ಲ ನಿನಗೆ ಯಾರು ಕಲಿಸಿದ್ರು?’ ಎಂದು ಮುಖ ತಿರುಗಿಸಿದರು. ತಪ್ಪು ನನ್ನಲ್ಲೇ ಇದೆಯಾ? (ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಇಲ್ಲ, ತಪ್ಪು ನಿಮ್ಮಲ್ಲಿಲ್ಲ. ನೀವು ನಾಟಕವನ್ನೂ ಆಡುತ್ತಿಲ್ಲ. ಎರಡು ಸಲವೂ ಒಂದೇ ಮಾತು ಆಡಿದೆ ಎಂದು ನಿಮ್ಮವರು ತಿಳಿದಿದ್ದಾರೆ. ಅಕ್ಷರ ಒಂದೇ, ನಿಜ. ಆದರೆ ರಾತ್ರಿ ಅವರು ಮಾತಾಡಿದ್ದು ನಿಮ್ಮ ಜೊತೆ. ಊಟದ ಹೊತ್ತಿಗೆ ಮಾತಾಡಿದ್ದು ಸ್ನೇಹಿತರ ಜೊತೆ, ನಿಮ್ಮ ಬಗ್ಗೆ.

ಅವರ ಊರ ಕಡೆಯ ಹೋಳಿಯನ್ನೇ ನೆನೆಯಿರಿ. ಕಾಮಣ್ಣನ ಮುಂದೆ ಹಲಗೆ ಬಡಿಯುತ್ತಾ ಎಂತೆಂಥ ಪೋಲಿ ಪದ ಹಾಡುತ್ತಾರೆ! ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬಣ್ಣ ತೊಳೆದು ಮನೆಗೆ ಹೋದ ಮೇಲೆ ಅದೇ ಪದವನ್ನು ಪಕ್ಕದ ಮನೆ ಬಾಗಿಲಲ್ಲಿ ನಿಂತು ಹಾಡಿದರೆ? ಹೊಡೆದಾಟವೇ ಆಗುತ್ತದೆ. ನಿಮ್ಮವರು ಇದನ್ನೆಲ್ಲ ನೋಡಿಯೇ ಬೆಳೆದಿರುತ್ತಾರೆ, ಅಲ್ವಾ?

ದನಿಯೂ ಹಾಗೆಯೇ. ‘ಏನೇ’ ಎಂಬುದು ಎರಡೇ ಅಕ್ಷರ. ದನಿ ತಗ್ಗಿಸಿ, ಕೊನೆಯನ್ನು ಕೊಂಚ ಎಳೆದರೆ ಮುದ್ದು. ಕತ್ತರಿಸಿ ಎಸೆದರೆ ಜಗಳ ಶುರು. ನಾಲ್ಕು ಜನರ ಮೇಲೆ ಹಾದು ಅಡುಗೆಮನೆಗೆ ಕೇಳುವಷ್ಟು ಜೋರಾಗಿ ಕೂಗಿದ ಮಾತಿನಲ್ಲಿ ಪಿಸುದನಿ ಎಲ್ಲಿ ಉಳಿಯುತ್ತದೆ?

ನಮ್ಮ ಕನ್ನಡದಲ್ಲಿ ಇನ್ನೂ ಒಂದು ಕಷ್ಟ ಇದೆ. ಮೈಯ ಬಗ್ಗೆ, ಕೂಡುವುದರ ಬಗ್ಗೆ ಮಾತಾಡಲು ನಮಗೆ ಪದ ಸಿಗುವುದು ಎರಡೇ ಕಡೆ. ಒಂದು, ಪುಸ್ತಕದ ಸಂಸ್ಕೃತ. ಹಾಸಿಗೆಯಲ್ಲಿ ಅದನ್ನು ಬಳಸಿದರೆ ಡಾಕ್ಟರ ಮುಂದೆ ಕೂತಂತಿರುತ್ತದೆ. ಇನ್ನೊಂದು, ಬೀದಿ ಜಗಳದ ಬೈಗುಳ. ಇವೆರಡರ ನಡುವೆ ಹೆಚ್ಚೇನೂ ಇಲ್ಲ. ಅದಕ್ಕೇ ಎಷ್ಟೋ ಜೋಡಿಗಳು ಇಂಗ್ಲಿಷಿಗೆ ಜಿಗಿಯುತ್ತಾರೆ. ಇಲ್ಲದಿದ್ದರೆ ಬೀದಿಯ ಮಾತನ್ನೇ ಒಳಗೆ ಕರೆತಂದು ಪಳಗಿಸಿಕೊಳ್ಳುತ್ತಾರೆ. ನೀವಿಬ್ಬರು ಮಾಡಿದ್ದೂ ಅದೇ ಇರಬೇಕು. ಆರು ವರ್ಷ ಜೊತೆಯಾಗಿ ಪಳಗಿಸಿದ ಮಾತು ಅದು. ಊಟಕ್ಕೆ ಕೂತವರಿಗೆ ಆ ಆರು ವರ್ಷ ಗೊತ್ತಿಲ್ಲ. ಅವರ ಕಿವಿಗೆ ಅದು ಇನ್ನೂ ಬೀದಿಯದೇ, ಅವರು ನಕ್ಕಿದ್ದೂ ಅದಕ್ಕೇ. ನಿಮಗೆ ಅಳು ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿಮ್ಮ ಪತ್ರದ ಕೊನೆಯ ಭಾಗ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡಿತು. ಓದಿದಾಗ ಬೆಂಗಳೂರು ನಾಗರತ್ನಮ್ಮ ನೆನಪಾದರು. 1878ರಲ್ಲಿ ನಿಮ್ಮ ಮೈಸೂರಿನ ಪಕ್ಕದ ನಂಜನಗೂಡಿನಲ್ಲಿ ಹುಟ್ಟಿದವರು, ದೊಡ್ಡ ಗಾಯಕಿ. 18ನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಬರೆದಿದ್ದಳು. ರಾಧೆಯ ಬಯಕೆ, ಮುನಿಸು ಎಲ್ಲವೂ ಅಲ್ಲಿ ಬಿಚ್ಚುಮಾತಿನಲ್ಲಿವೆ. ತೆಲುಗಿನ ಸುಧಾರಕ ಕಂದುಕೂರಿ ವೀರೇಶಲಿಂಗಂ ಅದನ್ನು ಹೆಣ್ಣಿಗೆ ತಕ್ಕುದಲ್ಲದ ಮಾತೆಂದು ಜರೆದರು. ನಾಗರತ್ನಮ್ಮ 1910ರಲ್ಲಿ ಆ ಕಾವ್ಯವನ್ನು ಅಚ್ಚು ಹಾಕಿಸಿದರು. ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರವೇ ಎಂದು ಕೇಳಿದರು. ಗಂಡಸು ಬರೆದ ಇಂಥದೇ ಕಾವ್ಯವನ್ನು ವೀರೇಶಲಿಂಗಂ ಒಪ್ಪಿಕೊಂಡಿದ್ದನ್ನೂ ಎತ್ತಿ ತೋರಿಸಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ನಿಷೇಧಿಸಿತು. ಆ ನಿಷೇಧ ಹೋಗಲು 1947 ಬರಬೇಕಾಯಿತು.

ಶೃಂಗಾರ ಅದೇ, ಹೇಳುವ ಬಾಯಿ ಬದಲಾದ ಕೂಡಲೇ ಅಶ್ಲೀಲ. ನಿಮ್ಮ ಕೋಣೆಯಲ್ಲೂ ಹೀಗೇ ಆಯಿತು. ಅವರು ಹೇಳಿದರೆ ಪ್ರೀತಿ, ನೀವು ಹೇಳಿದರೆ ‘ಯಾರು ಕಲಿಸಿದ್ರು?’ ಊಟದ ದಿನ ಅವರು ಜಾಗ ಮರೆತರು, ಅದನ್ನು ಬೇಗ ತಿದ್ದಿಕೊಳ್ಳಬಹುದು. ಇಲ್ಲಿ ಆ ಮಾತಿನ ಹಕ್ಕು ತನಗೊಬ್ಬನಿಗೇ ಎಂದುಕೊಂಡರು. ನನಗೆ ಇದೇ ದೊಡ್ಡ ವಿಷಯ ಅನ್ನಿಸುತ್ತದೆ. ನಿಮ್ಮ ಮಾತು ಅವರಿಗೆ ನಿಜವಾಗಿ ಹಿಡಿಸದೇ ಇದ್ದಿರಬಹುದು. ಬೇಡ ಎನ್ನುವ ಹಕ್ಕು ಅವರಿಗೂ ಇದೆ. ‘ಬೇಡ ಕಣೇ’ ಅಂದಿದ್ದರೆ ಸಾಕಿತ್ತು. ಅನುಮಾನ ಯಾಕೆ ಬೇಕಿತ್ತು?

ಇದನ್ನು ಹಾಸಿಗೆಯಲ್ಲಿ ಮಾತಾಡಬೇಡಿ. ಹಗಲು ಹೊತ್ತಿನಲ್ಲಿ, ಇಬ್ಬರೂ ನಡೆಯುತ್ತಾ ಹೋಗುವಾಗ ಹೇಳಿ. ‘ಆ ಹೆಸರು ನನಗೆ ತುಂಬಾ ಇಷ್ಟ, ಅದಕ್ಕೇ ಬೇರೆಯವರ ಕಿವಿಗೆ ಬೀಳಬಾರದು’ ಅಂತ ಮೊದಲು ಹೇಳಿ. ಇಷ್ಟು ಹೇಳಿದ ಮೇಲೂ ಮತ್ತೆ ಜನರ ಎದುರು ಕರೆದರೆ ಅದು ಮರೆವಲ್ಲ, ಆಗ ಗಟ್ಟಿಯಾಗಿಯೇ ನಿಲ್ಲಿಸಬೇಕು. ಆಮೇಲೆ ಎರಡನೆಯದು. ‘ಆ ರಾತ್ರಿ ನಾನು ಹೇಳಿದಾಗ ನಿಮಗೇನನ್ನಿಸಿತು?’ ಎಂದು ಕೇಳಿ. ಕೇಳಿ ಸುಮ್ನೆ ಇರಿ, ಅವರೇ ಮಾತಾಡಲಿ. ಏನಂದರು ಎಂದು ನನಗೂ ಬರೆಯಿರಿ. ಹೆಸರು ಈ ಸಲವೂ ಬೇಡ.