ಗುಂಯ್‌ಗುಡುವ ಸದ್ದಿಗೆ ತೆಳು ಹಾಳೆ ಸಾಕೇ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮಲಗುವ ಕೋಣೆಯ ಗೋಡೆಯಾಚೆ ಜನರೇಟರ್ ಇದೆ. ಎರಡು ಇಂಚು ದಪ್ಪದ ಫೋಮ್ ಅಂಟಿಸಿದ ಮೇಲೆ ಕೋಣೆಯೊಳಗಿನ ಮಾತು ಮೆತ್ತಗೆ ಕೇಳಿಸುತ್ತದೆ. ಆದರೆ ಗುಂಯ್ ಅನ್ನುವ ಸದ್ದು ಹಾಗೇ ಇದೆ. ಇನ್ನೂ ದಪ್ಪ ಫೋಮ್ ಹಾಕಲೇ?

ಬೇಡ, ದುಡ್ಡು ಉಳಿಸಿಕೊಳ್ಳಿ. ಫೋಮ್ ಮಾಡುವ ಕೆಲಸವೇ ಬೇರೆ. ಅದರ ಸಣ್ಣ ರಂಧ್ರಗಳಲ್ಲಿ ಗಾಳಿ ಹಿಂದೆ ಮುಂದೆ ಓಡಾಡಿ ಉಜ್ಜಿದಾಗ ಸದ್ದಿನ ಶಕ್ತಿ ಬಿಸಿಯಾಗಿ ಕರಗುತ್ತದೆ. ಗೋಡೆಗೆ ಅಂಟಿದ ಜಾಗದಲ್ಲಿ ಗಾಳಿ ಅಲುಗಾಡುವುದೇ ಇಲ್ಲ. ಅದು ಜೋರಾಗಿ ಓಡಾಡುವುದು ಗೋಡೆಯಿಂದ ಅಲೆಯುದ್ದದ ಕಾಲು ಭಾಗ ದೂರದಲ್ಲಿ. 100 ಹರ್ಟ್ಜ್ ಸದ್ದಿನ, ಅಂದರೆ ಸೆಕೆಂಡಿಗೆ ನೂರು ಸಲ ಅದುರುವ ಸದ್ದಿನ, ಒಂದು ಅಲೆ ಸುಮಾರು 3.4 ಮೀಟರ್ ಉದ್ದ. ಅದರ ಕಾಲು ಭಾಗ ಅಂದರೆ 85 ಸೆಂಟಿಮೀಟರ್. ನಿಮ್ಮ ಫೋಮ್ ಇರುವುದು 5 ಸೆಂಟಿಮೀಟರ್. ಮಾತಿನ ಅಲೆಗಳು ಚಿಕ್ಕವು, ಹಾಗಾಗಿ ಅವು ಫೋಮಿಗೆ ಸಿಕ್ಕಿಬಿದ್ದವು.

ಇನ್ನೊಂದು ವಿಷಯ. ಫೋಮ್ ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆಯೇ ಹೊರತು ಆಚೆಯಿಂದ ಬರುವ ಸದ್ದನ್ನು ತಡೆಯುವುದಿಲ್ಲ. ತಡೆಯಲು ಬೇಕಾಗಿರುವುದು ತೂಕ. ಗೋಡೆಯ ತೂಕ ಎರಡು ಪಟ್ಟಾದರೆ ಲೆಕ್ಕದಲ್ಲಿ 6 ಡೆಸಿಬೆಲ್ ಜಾಸ್ತಿ ತಡೆಯುತ್ತದೆ. ಸದ್ದಿನ ಹರ್ಟ್ಜ್ ಅರ್ಧಕ್ಕೆ ಇಳಿದರೆ ಅದೇ 6 ಡೆಸಿಬೆಲ್ ಕಳೆದುಹೋಗುತ್ತದೆ. ನಮ್ಮ ಕಿವಿಗೆ ಸದ್ದು ಅರ್ಧವಾಯಿತು ಅನ್ನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು. ಅಂದರೆ ಗೋಡೆಯನ್ನು ಎರಡು ಪಟ್ಟು ದಪ್ಪ ಕಟ್ಟಿದರೂ ಸದ್ದು ಅರ್ಧವಾಯಿತು ಅನ್ನಿಸುವುದಿಲ್ಲ!

ಪ್ರಶ್ನೆ: ‘ಅಕೌಸ್ಟಿಕ್ ಮೆಟಾಮೆಟೀರಿಯಲ್’ ಅಂತ ತೆಳುವಾದ ಹಾಳೆ ಬಂದಿದೆಯಂತೆ, ದಪ್ಪ ಗೋಡೆ ತಡೆಯದ ಸದ್ದನ್ನೂ ತಡೆಯುತ್ತದಂತೆ. ನಿಜವೇ? ಮೂರು ಮೀಟರ್ ಉದ್ದದ ಅಲೆಯನ್ನು ತೆಳು ಹಾಳೆ ಹೇಗೆ ನಿಲ್ಲಿಸುತ್ತದೆ?

ನಿಜ, ಮತ್ತು ಇದರ ಹಿಂದಿನ ಯೋಚನೆ ಬಹಳ ಚೆಂದದ್ದು. ನೀವೇ ಮಾಡಿ ನೋಡಬಹುದು. ಒಂದು ರಬ್ಬರ್ ಬ್ಯಾಂಡಿಗೆ ಬೀಗವನ್ನೋ ಇನ್ನೇನಾದರೂ ಸ್ವಲ್ಪ ತೂಕದ ವಸ್ತುವನ್ನೋ ಕಟ್ಟಿ ಕೈಯಲ್ಲಿ ತೂಗುಬಿಡಿ. ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಬೀಗ ಕೈ ಜೊತೆಗೇ ಏರುತ್ತದೆ, ಇಳಿಯುತ್ತದೆ. ವೇಗ ಹೆಚ್ಚಿಸುತ್ತಾ ಹೋಗಿ. ಒಂದು ಹಂತದಲ್ಲಿ ಬೀಗ ಸಿಕ್ಕಾಪಟ್ಟೆ ಕುಣಿಯುತ್ತದೆ. ಅದು ಅದರ ಸ್ವಂತ ಲಯ. ಅದಕ್ಕಿಂತ ಚೂರು ವೇಗವಾಗಿ ಆಡಿಸಿ ನೋಡಿ: ಕೈ ಮೇಲೆ ಹೋದಾಗ ಬೀಗ ಕೆಳಗೆ, ಕೈ ಕೆಳಗೆ ಬಂದಾಗ ಬೀಗ ಮೇಲೆ!

ಈಗ ಇಂಥ ನೂರಾರು ಪುಟ್ಟ ತೂಕಗಳನ್ನು ಒಂದು ಹಲಗೆಯೊಳಗೆ ಹುದುಗಿಸಿದ್ದೇವೆ ಅಂದುಕೊಳ್ಳಿ. ಸದ್ದಿನ ಅಲೆ ಹಲಗೆಯನ್ನು ಮುಂದಕ್ಕೆ ನೂಕಿದಾಗ ಒಳಗಿನ ತೂಕಗಳು ಹಿಂದಕ್ಕೆ ಎಳೆಯುತ್ತವೆ. ಎರಡೂ ಸೇರಿ ಹಲಗೆ ಹೆಚ್ಚುಕಡಿಮೆ ಅಲುಗಾಡದೆ ನಿಲ್ಲುತ್ತದೆ. ಅಲುಗಾಡದ ಹಲಗೆ ಆಚೆ ಬದಿಯ ಗಾಳಿಯನ್ನೂ ಅಲುಗಾಡಿಸುವುದಿಲ್ಲ. ಆ ಹರ್ಟ್ಜ್‌ನಲ್ಲಿ ಹಲಗೆಯ ತೂಕ ‘ಋಣಾತ್ಮಕ’ ಅನ್ನುವ ಹಾಗೆ ವರ್ತಿಸುತ್ತದೆ ಅಂತ ವಿಜ್ಞಾನಿಗಳು ಹೇಳುವುದು ಇದನ್ನೇ.

2000ರಲ್ಲಿ ಹಾಂಗ್‌ಕಾಂಗ್‌ನ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಪಿಂಗ್ ಶೆಂಗ್ ಅವರ ತಂಡ ಇದನ್ನು ಮಾಡಿ ತೋರಿಸಿತು. ಒಂದು ಸೆಂಟಿಮೀಟರ್ ಅಳತೆಯ ಸೀಸದ ಗುಂಡುಗಳು, ಅವುಗಳ ಸುತ್ತ ಎರಡೂವರೆ ಮಿಲಿಮೀಟರ್ ಮೆತ್ತನೆಯ ಸಿಲಿಕೋನ್ ರಬ್ಬರ್, ಎಲ್ಲವನ್ನೂ ಹಿಡಿದಿಡಲು ಗಟ್ಟಿ ಎಪಾಕ್ಸಿ. ಅಷ್ಟೇ. ಈ ಪುಟ್ಟ ಗಡ್ಡೆ 400 ಹರ್ಟ್ಜ್ ಆಸುಪಾಸಿನ ಸದ್ದನ್ನು ತಡೆಯಿತು. ಗಾಳಿಯಲ್ಲಿ ಆ ಸದ್ದಿನ ಅಲೆ 86 ಸೆಂಟಿಮೀಟರ್ ಉದ್ದ ಅನ್ನುವುದು ನೆನಪಿರಲಿ.

ಇದರ ಮಹತ್ವ ಗೊತ್ತಾಗಬೇಕಾದರೆ ಮೊದಲು ಏನಿತ್ತು ಅಂತ ನೋಡಬೇಕು. ಮ್ಯಾಡ್ರಿಡ್‌ನಲ್ಲಿ ಯುಸೇಬಿಯೊ ಸೆಂಪೆರೆ ಎಂಬ ಕಲಾವಿದರ ಒಂದು ಶಿಲ್ಪವಿದೆ. ಸ್ಟೀಲ್ ಕೊಳವೆಗಳನ್ನು 10 ಸೆಂಟಿಮೀಟರ್ ಅಂತರದಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. 1995ರಲ್ಲಿ ಅಳೆದು ನೋಡಿದಾಗ ಅದು 1670 ಹರ್ಟ್ಜ್ ಸದ್ದನ್ನು ಚೆನ್ನಾಗಿ ತಡೆಯುತ್ತಿತ್ತು. ಆ ಸದ್ದಿನ ಅರ್ಧ ಅಲೆ ಸುಮಾರು 10 ಸೆಂಟಿಮೀಟರ್, ಕೊಳವೆಗಳ ಅಂತರವೂ ಅಷ್ಟೇ. ಇದೇ ದಾರಿಯಲ್ಲಿ 100 ಹರ್ಟ್ಜ್ ತಡೆಯಬೇಕಾದರೆ ಕಂಬಗಳನ್ನು 1.7 ಮೀಟರಿಗೊಂದರಂತೆ ಸಾಲುಸಾಲಾಗಿ ನೆಡಬೇಕು. ಮನೆಯಲ್ಲಿ ಆಗುವ ಮಾತಲ್ಲ. ಒಳಗೆ ಸ್ವಂತ ಲಯದ ತೂಕವಿಟ್ಟರೆ ಈ ಅಂತರದ ಹಂಗೇ ಇರುವುದಿಲ್ಲ.

ಆಮೇಲೆ ಅದೇ ವಿಶ್ವವಿದ್ಯಾಲಯದಲ್ಲಿ ಸೀಸದ ಗುಂಡು ಬಿಟ್ಟು, ಚೌಕಟ್ಟಿಗೆ ಬಿಗಿದ ರಬ್ಬರ್ ಪೊರೆಯ ಮೇಲೆ ಚಿಕ್ಕ ತೂಕ ಅಂಟಿಸುವ ವಿಧಾನ ಬಂತು. 2012ರಲ್ಲಿ ಪ್ರಕಟವಾದ ಇಂಥ ಒಂದು ಪೊರೆ 0.2 ಮಿಲಿಮೀಟರ್ ದಪ್ಪವಿತ್ತು. ಮೇಲೆ ಅರ್ಧಚಂದ್ರದ ಕಬ್ಬಿಣದ ಬಿಲ್ಲೆಗಳು. ಸುಮಾರು 170 ಹರ್ಟ್ಜ್‌ನಲ್ಲಿ ಅದು ಸದ್ದಿನ ಶೇ 86ರಷ್ಟನ್ನು ಹೀರಿತು.

ಪ್ರಶ್ನೆ: ಹಾಗಾದರೆ ಇದನ್ನೇ ಗೋಡೆ ತುಂಬಾ ಹಾಕಿಬಿಡಬಹುದಲ್ವಾ?

ಇಲ್ಲೇ ನಾನು ಸ್ವಲ್ಪ ತಡೆಯುತ್ತೇನೆ. ಮೇಲಿನ ಅಂಕಿಗಳನ್ನು ಇನ್ನೊಮ್ಮೆ ನೋಡಿ: ‘400 ಆಸುಪಾಸು’, ‘170 ಸುಮಾರು’. ಸ್ವಂತ ಲಯದ ಹತ್ತಿರ ಮಾತ್ರ ಈ ವಸ್ತುಗಳು ಅದ್ಭುತ. ಆಚೀಚೆ ಹೋದರೆ ಅಲ್ಲಿರುವುದು ಬರೀ ತೆಳು ಹಾಳೆ. ಬೇರೆ ಬೇರೆ ಲಯದ ತುಂಡುಗಳನ್ನು ಜೋಡಿಸಿ ವ್ಯಾಪ್ತಿ ಹಿಗ್ಗಿಸಬಹುದು, ಆದರೆ ಆಗ ದಪ್ಪವೂ ಬೆಳೆಯುತ್ತದೆ. ಇಷ್ಟು ಅಗಲದ ಶ್ರೇಣಿಯ ಸದ್ದು ಹೀರಲು ಕನಿಷ್ಠ ಇಷ್ಟು ದಪ್ಪ ಬೇಕೇ ಬೇಕು ಎಂದು ಭೌತಶಾಸ್ತ್ರವೇ ಮಿತಿ ಹಾಕಿದೆ. ಶೆಂಗ್ ಅವರ ತಂಡ 2017ರಲ್ಲಿ ಆ ಮಿತಿಯನ್ನು ಲೆಕ್ಕ ಹಾಕಿ, ಹೆಚ್ಚುಕಡಿಮೆ ಅದನ್ನು ಮುಟ್ಟುವ ರಚನೆಯನ್ನೂ ಮಾಡಿ ತೋರಿಸಿತು. ಎಲ್ಲ ಸದ್ದನ್ನೂ ಹೀರುವ ತೆಳು ಹಾಳೆ ಅಂತ ಯಾರಾದರೂ ಮಾರಿದರೆ ನಂಬಬೇಡಿ.

ಸದ್ದು ಒಂದೇ ಲಯದಲ್ಲಿದ್ದರೆ ಮಾತ್ರ ಇದಕ್ಕಿಂತ ಒಳ್ಳೆಯ ಉಪಾಯ ಕಡಿಮೆ. ಟ್ರಾನ್ಸ್‌ಫಾರ್ಮರ್ ಅಂಥದ್ದು. 50 ಹರ್ಟ್ಜ್ ವಿದ್ಯುತ್ತಿನ ಪ್ರತಿ ಸುತ್ತಿಗೆ ಅದರ ಕಬ್ಬಿಣ ಎರಡು ಸಲ ಹಿಗ್ಗಿ ಕುಗ್ಗುವುದರಿಂದ ಗುಂಯ್ ಸದ್ದು ಮುಖ್ಯವಾಗಿ 100 ಹರ್ಟ್ಜ್‌ನಲ್ಲಿರುತ್ತದೆ. ಒಂದೇ ವೇಗದಲ್ಲಿ ತಿರುಗುವ ಫ್ಯಾನೂ ಹಾಗೇ. ಗಾಳಿ ಓಡಾಡಲೇಬೇಕಾದ ಜಾಗಕ್ಕೂ ದಾರಿ ಸಿಕ್ಕಿದೆ. 2019ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು 3ಡಿ ಪ್ರಿಂಟ್ ಮಾಡಿದ ಉಂಗುರವೊಂದು ನಡುವೆ ಗಾಳಿಗೆ ದಾರಿ ಬಿಟ್ಟೂ ಶೇ 94ರಷ್ಟು ಸದ್ದು ತಡೆಯಿತು. ಅದೂ ಒಂದು ನಿರ್ದಿಷ್ಟ ಶ್ರೇಣಿಯಲ್ಲೇ. ವೇಗ ಬದಲಾಗುತ್ತಲೇ ಇರುವ ಯಂತ್ರಕ್ಕೆ ಇವು ಸರಿಹೋಗುವುದು ಕಷ್ಟ.

ಪ್ರಶ್ನೆ: ಫೋನಿನ ಆ್ಯಪ್‌ನಲ್ಲಿ ಅಳೆದರೆ ಡೆಸಿಬೆಲ್ ಕಡಿಮೆಯೇ ತೋರಿಸುತ್ತದೆ. ಆದರೆ ರಾತ್ರಿ ತಲೆಯೊಳಗೆ ಗುಂಯ್ ಅನ್ನುತ್ತದೆ. ನನ್ನ ಭ್ರಮೆಯೇ?

ಖಂಡಿತ ಭ್ರಮೆ ಅಲ್ಲ. ಹೆಚ್ಚಿನ ಮೀಟರುಗಳು ‘ಎ’ ತೂಕದ ಡೆಸಿಬೆಲ್ ತೋರಿಸುತ್ತವೆ, ಅಂದರೆ ತಗ್ಗಿನ ಸದ್ದನ್ನು ಕಡಿಮೆ ಲೆಕ್ಕಕ್ಕೆ ಹಿಡಿಯುವ ಅಳತೆ. ಈ ಅಳತೆ 50 ಹರ್ಟ್ಜ್ ಸದ್ದಿನಿಂದ 30 ಡೆಸಿಬೆಲ್, 100 ಹರ್ಟ್ಜ್‌ನಿಂದ 19 ಡೆಸಿಬೆಲ್ ಕಳೆದುಬಿಡುತ್ತದೆ. ತಗ್ಗಿನ ಸದ್ದನ್ನು ಅಷ್ಟಾಗಿ ಕಳೆಯದ ‘ಸಿ’ ತೂಕಕ್ಕೆ ಬದಲಿಸಿ ನೋಡಿ. ಎರಡರ ನಡುವೆ 15–20 ಡೆಸಿಬೆಲ್ ವ್ಯತ್ಯಾಸ ಬಂದರೆ ತೊಂದರೆ ತಗ್ಗಿನ ಸದ್ದಿನದ್ದೇ. ಸ್ಪೆಕ್ಟ್ರಮ್ (ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದಿದೆ ಅನ್ನುವ ಗ್ರಾಫ್) ತೋರಿಸುವ ಆ್ಯಪ್‌ನಲ್ಲಿ ಒಂದೇ ಚೂಪು ಶಿಖರ ಕಂಡರೆ ಆ ಹರ್ಟ್ಜ್ ಬರೆದಿಟ್ಟುಕೊಳ್ಳಿ. ಮಂಚ ಸರಿಸಿಯೂ ನೋಡಿ. ಉದ್ದದ ಅಲೆಗಳು ಎದುರುಬದುರು ಗೋಡೆಗಳ ನಡುವೆ ನಿಂತು, ಗೋಡೆಯ ಬುಡದಲ್ಲಿ ಮತ್ತು ಮೂಲೆಯಲ್ಲಿ ಜೋರಾಗುತ್ತವೆ.

ಜನರೇಟರ್ ಕೇಳಿದವರಿಗೆ ಒಂದು ಮಾತು. ನಿಮಿಷಕ್ಕೆ 1500 ಸುತ್ತು ಅಂದರೆ 25 ಹರ್ಟ್ಜ್. ಇದು ನೆಲದ ಮೂಲಕವೇ ಬರುತ್ತಿರುವ ಸಾಧ್ಯತೆ ಹೆಚ್ಚು. ಯಂತ್ರ ಆಫ್ ಆದಾಗ ಗೋಡೆಯ ಮೇಲೆ ಕೈಯಿಟ್ಟು ನೋಡಿ, ಆನ್ ಆದಾಗ ಮತ್ತೆ ಕೈಯಿಡಿ. ಅದುರು ತಾಗಿದರೆ ಯಂತ್ರದ ಕೆಳಗೆ ಸರಿಯಾದ ಸ್ಪ್ರಿಂಗ್ ಹಾಕಿಸಲು ಒತ್ತಾಯಿಸಿ. ಯಂತ್ರದ ಭಾರಕ್ಕೆ ಸ್ಪ್ರಿಂಗ್ 4–5 ಮಿಲಿಮೀಟರ್ ಕುಸಿಯುವಂತಿದ್ದರೆ 25 ಹರ್ಟ್ಜ್ ಅದುರು ನೆಲಕ್ಕೆ ದಾಟುವುದು ಬಹಳ ತಗ್ಗುತ್ತದೆ. ಕಲ್ಲಿನಷ್ಟು ಗಟ್ಟಿ ರಬ್ಬರ್ ತುಂಡು ಇಟ್ಟರೆ ಏನೂ ಪ್ರಯೋಜನವಿಲ್ಲ.

ಇಷ್ಟಾದ ಮೇಲೂ ಹಾಳೆ ಕೊಳ್ಳುವುದಿದ್ದರೆ, ಮಾರುವವರ ಹತ್ತಿರ ಯಾವ ಹರ್ಟ್ಜ್‌ನಲ್ಲಿ ಎಷ್ಟು ಡೆಸಿಬೆಲ್ ತಡೆಯುತ್ತದೆ ಅನ್ನುವ ಗ್ರಾಫ್ ಕೇಳಿ. ಪರೀಕ್ಷೆ ಮಾಡಿದ್ದು ಅಂಗೈಯಗಲದ ತುಂಡನ್ನೋ, ಬಾಗಿಲಿನಷ್ಟು ದೊಡ್ಡದನ್ನೋ ಅಂತಲೂ ಕೇಳಿ. ನೀವು ಬರೆದಿಟ್ಟ ಹರ್ಟ್ಜ್ ಆ ಗ್ರಾಫಿನ ಗುಡ್ಡದ ಮೇಲೆ ಬೀಳದಿದ್ದರೆ ಅದು ನಿಮ್ಮ ಮನೆಗಲ್ಲ.