ಓದುಗರ ಪ್ರಶ್ನೆ: ಗೋಡೆಯ ಮೇಲಿನ ಶಾಕ್ ಪೆಟ್ಟಿಗೆ ಮುಟ್ಟಬಹುದೇ?

ಪ್ರಶ್ನೆ: ವಿಮಾನ ನಿಲ್ದಾಣದಲ್ಲಿ ಹಸಿರು ಹಲಗೆ, ಅದರಲ್ಲಿ ಬಿಳಿ ಹೃದಯ, ಹೃದಯದೊಳಗೆ ಮಿಂಚಿನ ಗುರುತು ಇರುವ ಎಇಡಿ (ಹೃದಯದ ಲಯ ಕೆಟ್ಟಾಗ ಶಾಕ್ ಕೊಡುವ ಸ್ವಯಂಚಾಲಿತ ಯಂತ್ರ) ಪೆಟ್ಟಿಗೆ ಕಂಡೆ. ಡಾಕ್ಟರಲ್ಲದವರು ಅದನ್ನು ತೆಗೆದು, ಸುಮ್ಮನೆ ತಲೆ ಸುತ್ತಿ ಬಿದ್ದವರಿಗೆ ಶಾಕ್ ಹೊಡೆದುಬಿಟ್ಟರೆ? (ಓದುಗರು, ಹಾಸನ)

ಹೊಡೆಯಲು ಆಗುವುದಿಲ್ಲ. ಶಾಕ್ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ನೀವಲ್ಲ, ಯಂತ್ರ. ಎದೆಗೆ ಅಂಟಿಸಿದ ಪ್ಯಾಡ್‌ಗಳ ಮೂಲಕ ಅದು ಹೃದಯದ ಲಯ ಓದುತ್ತದೆ. ಹೃದಯ ರಕ್ತ ಪಂಪ್ ಮಾಡದೆ ಬರೀ ಅದುರುತ್ತಿದ್ದರೆ, ಇಲ್ಲವೇ ವಿಪರೀತ ವೇಗದಲ್ಲಿ ಓಡುತ್ತಿದ್ದರೆ ಮಾತ್ರ ಚಾರ್ಜ್ ಆಗುತ್ತದೆ. ಲಯ ಸರಿಯಿದ್ದರೆ ಬಟನ್ ಎಷ್ಟು ಸಲ ಒತ್ತಿದರೂ ಏನೂ ಹೊರಡದು. ಹೃದಯದ ಲಯ ತೋರಿಸುವ ಗೆರೆ ಪೂರ್ತಿ ಚಪ್ಪಟೆಯಾಗಿದ್ದರೂ ಶಾಕ್ ಕೊಡದೆ, ಎದೆ ಒತ್ತುವುದನ್ನು ಮುಂದುವರಿಸಿ ಎನ್ನುತ್ತದೆ. ಚಪ್ಪಟೆ ಗೆರೆಗೆ ಶಾಕ್ ಕೊಟ್ಟು ಎಬ್ಬಿಸುವುದೆಲ್ಲ ಸಿನಿಮಾದಲ್ಲಿ.

ಅಮೆರಿಕದ ಷಿಕಾಗೋ ವಿಮಾನ ನಿಲ್ದಾಣಗಳಲ್ಲಿ 1999ರಿಂದ, ಬಿರುಸಾಗಿ ನಡೆದರೆ ಒಂದೂವರೆ ನಿಮಿಷದೊಳಗೆ ಕೈಗೆ ಸಿಗುವಂತೆ ಈ ಪೆಟ್ಟಿಗೆಗಳನ್ನು ಇಟ್ಟರು. ಎರಡು ವರ್ಷದಲ್ಲಿ ಹೀಗೆ ಅದುರುವ ಹೃದಯದೊಂದಿಗೆ ಕುಸಿದವರು 18 ಮಂದಿ, ಅವರಲ್ಲಿ 11 ಮಂದಿಯನ್ನು ಬದುಕಿಸಲಾಯಿತು. ಈ 11ರ ಪೈಕಿ ಆರು ಮಂದಿಗೆ ನೆರವಾದವರು ಎಇಡಿ ತರಬೇತಿ ಇಲ್ಲದವರು. ಅವರಲ್ಲಿ ಮೂವರು ವೈದ್ಯ ಪದವೀಧರರಾಗಿದ್ದರು ಎನ್ನುವುದನ್ನೂ ಹೇಳಬೇಕು. ನಮ್ಮಲ್ಲಿ ಜನ ಯಂತ್ರಕ್ಕೆ ಹೆದರುತ್ತಾರೆ. ಹೆದರಬೇಕಾದ್ದು ತಡಕ್ಕೆ. ಎದೆ ಒತ್ತದೆ, ಶಾಕ್ ಕೊಡದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ.

ಪ್ರಶ್ನೆ: ಕಣ್ಣೆದುರೇ ಒಬ್ಬರು ಕುಸಿದರೆ ಮೊದಲು ಏನು, ಆಮೇಲೆ ಏನು? (ಬಸ್ ನಿಲ್ದಾಣದ ಅಂಗಡಿಯವರು, ತುಮಕೂರು)

ಭುಜ ತಟ್ಟಿ ಜೋರಾಗಿ ಕೂಗಿ. ಓಗೊಡದೆ, ಉಸಿರೂ ಸರಿಯಾಗಿ ಆಡದಿದ್ದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ: ನೀರಿನಿಂದ ತೆಗೆದ ಮೀನಿನಂತೆ ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರ್ ಎಂದು ಎಳೆಯುವುದನ್ನು ಉಸಿರಾಟ ಎಂದುಕೊಂಡು ಕಾಯುತ್ತಾರೆ. ಅದು ಉಸಿರಲ್ಲ. ಒಬ್ಬರು 108ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರ್‌ಗೆ ಹಾಕಲಿ, ಇನ್ನೊಬ್ಬರು ಪೆಟ್ಟಿಗೆ ತರಲು ಓಡಲಿ. ನೀವು ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಬುಡ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ.

ಯಂತ್ರ ಬಂದ ಕೂಡಲೇ ಆನ್ ಮಾಡಿ, ಮುಂದಿನದನ್ನು ಅದೇ ಹೇಳುತ್ತದೆ. ಒಂದು ಪ್ಯಾಡ್ ಬಲ ಕೊರಳೆಲುಬಿನ (ಕಾಲರ್ ಬೋನ್) ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಗೆ. ಪ್ಯಾಡ್ ಹಿಡಿಯದೆ ಇರುವುದಕ್ಕೆ ಕಾರಣ ಸಾಮಾನ್ಯವಾಗಿ ಬೆವರು, ದಟ್ಟ ಕೂದಲು, ಇಲ್ಲವೇ ಹಿಂಬದಿಯ ಪ್ಲಾಸ್ಟಿಕ್ ಹಾಳೆ ಸುಲಿಯದಿರುವುದು. ಎದೆ ಒರೆಸಿ. ಪೆಟ್ಟಿಗೆಯಲ್ಲಿ ರೇಜರ್ ಇದ್ದರೆ ಎರಡೇ ಎಳೆತದಲ್ಲಿ ಜಾಗ ಮಾಡಿ, ನುಣ್ಣಗೆ ಬೋಳಿಸುತ್ತಾ ಕೂರಬೇಡಿ. ಚರ್ಮದ ಕೆಳಗೆ ಪೇಸ್‌ಮೇಕರ್ ಉಬ್ಬು ಕಂಡರೆ ಪ್ಯಾಡನ್ನು ನಾಲ್ಕು ಬೆರಳು ಆಚೆ ಅಂಟಿಸಿ. ಯಂತ್ರ ಲಯ ನೋಡುವಾಗಲೂ ಶಾಕ್ ಹೊರಡುವಾಗಲೂ ಯಾರೂ ಮುಟ್ಟಕೂಡದು. ಶಾಕ್ ಆದ ಮೇಲೆ ನಾಡಿ ಹುಡುಕುತ್ತಾ ನಿಲ್ಲುವುದು ದೊಡ್ಡ ತಪ್ಪು. ತಕ್ಷಣ ಮತ್ತೆ ಎರಡು ನಿಮಿಷ ಒತ್ತಬೇಕು. ಅವರಿಗೆ ಎಚ್ಚರವಾದರೂ ಪ್ಯಾಡ್ ಕೀಳಬೇಡಿ, ಯಂತ್ರ ಆರಿಸಬೇಡಿ.

ಪ್ರಶ್ನೆ: ಬಿದ್ದವರು ಹೆಂಗಸಾದರೆ? ನಮ್ಮೂರಲ್ಲಿ ಯಾರೂ ಮುಟ್ಟುವುದಿಲ್ಲ. (ಶಿಕ್ಷಕಿ, ಅರಸೀಕೆರೆ)

ಈ ಹಿಂಜರಿಕೆ ನಿಮ್ಮೂರಿನದಷ್ಟೇ ಅಲ್ಲ, ಹೊರದೇಶಗಳಲ್ಲೂ ದಾಖಲಾಗಿದೆ. ಪ್ಯಾಡ್ ಬರಿ ಚರ್ಮಕ್ಕೇ ಅಂಟಬೇಕು, ರವಿಕೆಯ ಮೇಲೆ ಅಂಟಿಸಿದರೆ ಕೆಲಸ ಮಾಡದು. ಕೊಕ್ಕೆ ಬಿಚ್ಚುತ್ತಾ ಕೂರದೆ ಪೆಟ್ಟಿಗೆಯ ಕತ್ತರಿಯಿಂದ ಕತ್ತರಿಸಿ. ಎಡ ಪ್ಯಾಡ್ ಸ್ತನದ ಮೇಲಲ್ಲ, ಅದರ ಪಕ್ಕದಲ್ಲಿ, ಕಂಕುಳಿನ ಕೆಳಗೆ. ಪ್ಯಾಡ್ ಅಂಟಿದ ಮೇಲೆ ಅದೇ ಸೆರಗು ಹೊದಿಸಬಹುದು. ತಾಳಿ ಸರವನ್ನು ಬಿಚ್ಚುವ ಅಗತ್ಯವಿಲ್ಲ, ಪ್ಯಾಡಿಗೆ ತಾಗದಂತೆ ಪಕ್ಕಕ್ಕೆ ಸರಿಸಿದರೆ ಸಾಕು. ಸುತ್ತ ನಿಂತು ಮೊಬೈಲ್ ಹಿಡಿಯುವವರ ಕೈಗೆ ಒಂದು ದುಪ್ಪಟ್ಟಾ ಕೊಟ್ಟು, ಹೊರಗೆ ಮುಖ ಮಾಡಿ ಮರೆ ಹಿಡಿಯಲು ಹೇಳಿ.

ಪ್ರಶ್ನೆ: ನಮ್ಮದು ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟ್. ಎಇಡಿ ಕೊಳ್ಳೋಣ ಎಂದರೆ ಕೆಲವರು ದಂಡದ ಖರ್ಚು ಅನ್ನುತ್ತಾರೆ, ಕೆಲವರು ಕಳ್ಳತನವಾಗುತ್ತೆ, ಆಫೀಸಿನಲ್ಲಿಟ್ಟು ಬೀಗ ಹಾಕಿ ಅನ್ನುತ್ತಾರೆ. (ಸಂಘದ ಕಾರ್ಯದರ್ಶಿ, ಬೆಂಗಳೂರು)

ಬೀಗ ಹಾಕುವುದಾದರೆ ಕೊಳ್ಳಲೇಬೇಡಿ. ರಾತ್ರಿ ಎರಡಕ್ಕೆ ಕೀಲಿ ಯಾರ ಮನೆಯಲ್ಲಿರುತ್ತದೆ? ಕದ ತೆರೆದರೆ ಅಲಾರಂ ಕೂಗುವ ಗೋಡೆ ಪೆಟ್ಟಿಗೆ ಸಿಗುತ್ತದೆ, ಅದನ್ನು 24 ಗಂಟೆಯೂ ಕಾವಲಿರುವ ಗೇಟಿನ ಬಳಿ ಹಾಕಿಸಿ. ಕಳ್ಳತನದ ಭಯಕ್ಕೆ ಅಷ್ಟು ಸಾಕು. ಕೊಳ್ಳುವ ಮುಂಚೆ ಕೈಗಡಿಯಾರ ಹಿಡಿದು ಗೇಟಿನಿಂದ ಹದಿನಾಲ್ಕನೇ ಮಹಡಿಗೆ ಹೋಗಿಬನ್ನಿ, ಲಿಫ್ಟಿಗೆ ಕಾಯುವ ಹೊತ್ತೂ ಸೇರಲಿ. ಅಮೆರಿಕದ ಕ್ಯಾಸಿನೋಗಳಲ್ಲಿ ಕಾವಲುಗಾರರಿಗೇ ಎಇಡಿ ಕಲಿಸಿದ್ದರು. ಅಲ್ಲಿ ಬಿದ್ದ ಮೂರು ನಿಮಿಷದೊಳಗೆ ಶಾಕ್ ಸಿಕ್ಕವರಲ್ಲಿ ಶೇ. 74 ಮಂದಿ ಬದುಕಿ ಮನೆಗೆ ಹೋದರು, ತಡವಾದವರಲ್ಲಿ ಶೇ. 49. ಹೀಗಾಗಿ ಕಲಿಸುವುದಾದರೆ ಮೊದಲು ನಿಮ್ಮ ಸೆಕ್ಯುರಿಟಿಯವರಿಗೆ.

ಕೊಂಡ ಮೇಲೆ ಮರೆತುಬಿಡುವುದೇ ಹೆಚ್ಚು. ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಂಡು ದೀಪದಲ್ಲಿ ತೋರಿಸುತ್ತದೆ, ಅದನ್ನು ನೋಡಲು ಒಬ್ಬರನ್ನು ಗೊತ್ತುಮಾಡಬೇಕು. ಪ್ಯಾಡಿನ ಜೆಲ್ ಒಣಗುತ್ತದೆ, ಸಾಮಾನ್ಯವಾಗಿ ಎರಡರಿಂದ ಐದು ವರ್ಷಕ್ಕೆ ಬದಲಿಸಬೇಕು. ಬ್ಯಾಟರಿ ಬಳಸದಿದ್ದರೂ ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ. ಒಂದು ಜೊತೆ ಹೆಚ್ಚುವರಿ ಪ್ಯಾಡ್, ಮಕ್ಕಳಿದ್ದರೆ ಮಕ್ಕಳ ಪ್ಯಾಡ್ ಇರಲಿ. ಬಿಸಿಲು ಬೀಳುವ ಗೋಡೆ ಬೇಡ.

ಪ್ರಶ್ನೆ: ಸಹಾಯ ಮಾಡಿದವನ ಮೇಲೇ ಕೇಸು ಬಿದ್ದರೆ? (ಓದುಗರು, ಧಾರವಾಡ)

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ, ನೆರವಾದವರನ್ನು ಕೇಸಿನಿಂದ ಕಾಯುವ 134ಎ ಕಲಂ ರಸ್ತೆ ಅಪಘಾತಕ್ಕೆ ಮಾತ್ರ, ಇಲ್ಲಿ ಅದನ್ನು ನೆಚ್ಚಬೇಡಿ. ಆದರೆ ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿರುವವರ ಒಳಿತಿಗಾಗಿ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಹಳೆಯ ಐಪಿಸಿಯ 92ನೇ ಕಲಂ ಕೊಡುತ್ತಿದ್ದ ರಕ್ಷಣೆ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ಬಿದ್ದವರ ಹೃದಯ ಆಗಲೇ ನಿಂತಿರುತ್ತದೆ, ನಿಲ್ಲಿಸಿದವರು ನೀವಲ್ಲ. ಮತ್ತು ಯಂತ್ರ ಏನು ಓದಿತು, ಎಷ್ಟು ಹೊತ್ತಿಗೆ ಶಾಕ್ ಕೊಟ್ಟಿತು ಎಂಬುದೆಲ್ಲ ಅದರೊಳಗೇ ದಾಖಲಾಗುತ್ತದೆ.